ಗೇಣಿ ಗದ್ದೆಯಿಂದ ಲೇಔಟಿನವರೆಗೆ

ಶಿವಮೊಗ್ಗದಿಂದ ಸಾಗರದ ಕಡೆ ಹೊರಟರೆ ಗದ್ದೆ ಬಯಲಲ್ಲಿ ಸೈಟಿನ ಕಲ್ಲುಗಳು ಕಾಣುತ್ತವೆ. ದೊಡ್ಡ ಮನೆಯವರದ್ದಾಗಿತ್ತು, ಗೇಣಿದಾರರಿಗೆ ಹೋಯ್ತು, ಈಗ ಲೇಔಟ್ ಆಯ್ತು ಅಂತ ಜನ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅಷ್ಟು ಸಲೀಸಾಗಿ ಆದದ್ದಲ್ಲ ಇದು.

ಈ ಸೀಮೆ ಆಳುತ್ತಿದ್ದ ಕೆಳದಿ ನಾಯಕರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಗೆ ಹೋಯಿತು, ಆಮೇಲೆ ಮೈಸೂರು ಅರಸರು, ಬ್ರಿಟಿಷ್ ಕಮಿಷನರುಗಳು ಬಂದರು. ಉಳುವವನು ಒಡೆಯನಿಗೆ ಗೇಣಿ, ಅಂದರೆ ಗದ್ದೆಯ ಬಾಡಿಗೆಯ ಭತ್ತ, ಅಳೆಯೋದು ಮಾತ್ರ ತಪ್ಪಲಿಲ್ಲ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿಕೊಂಡದ್ದು ಭತ್ತ ಅಳೆಯುವ ಕೊಳಗದ ವಿಚಾರಕ್ಕೆ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಅಂಗಳಕ್ಕೆ ಬರುತ್ತಿದ್ದ ಕೊಳಗ ದೊಡ್ಡದು. ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಜಾಸ್ತಿ ಹೋದರೆ, ರಾಶಿ ಮುಗಿಯೋ ಹೊತ್ತಿಗೆ ಮನೆಗೆ ಉಳಿಯೋದೆಷ್ಟು? ದೀವರ ಸಮುದಾಯದ ಗೇಣಿದಾರರು ರೈತ ಮುಖಂಡ ಎಚ್. ಗಣಪತಿಯಪ್ಪನವರ ಜೊತೆ ಎದ್ದು ನಿಂತರು. ಉಳಬೇಡಿ ಎಂದ ಗದ್ದೆಗೇ ನೇಗಿಲು ಹೊತ್ತು ಇಳಿದು ಜೈಲು ಸೇರಿದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂಧನಕ್ಕೆ ಒಳಗಾದರು. ಇಷ್ಟಾದರೂ ನ್ಯಾಯ ಕೈಗೆ ಸಿಗಲು ಇನ್ನೂ 23 ವರ್ಷ ಹಿಡಿಯಿತು.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯಿತು. ಗೇಣಿ ಜಮೀನು ಸರ್ಕಾರದ ವಶವಾಗಿ, ಇದನ್ನು ಉಳುತ್ತಿರುವವರು ನಾವು ಅಂತ ಡಿಕ್ಲರೇಷನ್ ಅರ್ಜಿ ಹಾಕಿದ ಗೇಣಿದಾರರ ಹೆಸರಿಗೆ ಬಂತು. ಆ ಅರ್ಜಿಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಯಲ್ಲಿ ಮೊದಮೊದಲು ವಕೀಲರಿಗೆ ಜಾಗ ಇರಲಿಲ್ಲ. ಓದು ಬಾರದವರೂ ಸಾಕ್ಷಿ ಕರೆದುಕೊಂಡು ಹೋಗಿ ತಮ್ಮ ಮಾತು ತಾವೇ ಹೇಳಿದರು. ಮಲೆನಾಡು ಕಂಡ ದೊಡ್ಡ ಬದಲಾವಣೆ ಅದು. ಆದರೆ ಕಾಫಿ, ಏಲಕ್ಕಿ ಎಸ್ಟೇಟುಗಳು ಕಾನೂನಿನ ಕೈಗೆ ಸಿಗಲಿಲ್ಲ. ಒಡೆಯರ ಮನೆಯಲ್ಲಿ ಕೂಲಿಗಿದ್ದವರು ಗೇಣಿದಾರರಲ್ಲವಲ್ಲ, ಅವರಿಗೆ ಗದ್ದೆ ಬರಲಿಲ್ಲ.

ಹೀಗೆ ಬಂದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ಆ ಗಡುವು ಮುಗಿಯುವ ಹೊತ್ತಿಗೆ ಮಕ್ಕಳಲ್ಲಿ ಪಾಲಾಗಿ ಹಿಡುವಳಿ ಚಿಕ್ಕದಾಗಿತ್ತು, ಊರು ಬೆಳೆದು ಗದ್ದೆ ಅಂಚಿಗೆ ಬಂದಿತ್ತು. ಮಾರಿದವರನ್ನು ದೂರುವುದು ಸರಿಯಲ್ಲ. ಅಲಿನೇಷನ್, ಅಂದರೆ ಕೃಷಿ ಜಮೀನು ಬೇರೆ ಬಳಕೆಗೆ ಪರಿವರ್ತನೆ, ಆಯಿತೆಂದರೆ ಎಕರೆ ಲೆಕ್ಕ ಹೋಗಿ ಅಡಿ ಲೆಕ್ಕ ಬರುತ್ತದೆ. ಮೇಲಿನ ಗದ್ದೆಗೆ ಮಣ್ಣು ತುಂಬಿದರೆ ನೀರು ಇಳಿಯೋ ದಾರಿ ಕಟ್ಟಿ, ಪಕ್ಕದಲ್ಲಿ ಇನ್ನೂ ನಾಟಿ ಮಾಡುವವರ ಬೆಳೆ ಕೊಳೆಯುತ್ತದೆ. ಅವರೂ ಮಾರುತ್ತಾರೆ.

ಕೃಷಿಕರಲ್ಲದವರು, ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಬೇರೆ ಆದಾಯ ಇರುವವರು ಕೃಷಿ ಜಮೀನು ಕೊಳ್ಳಬಾರದೆಂಬ ತಡೆ 2020ರವರೆಗೂ ಇತ್ತು. ಆ ವರ್ಷದ ತಿದ್ದುಪಡಿ ಆ ತಡೆ ಹಾಕಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಕೊಳ್ಳುವವರು ಕೃಷಿಕರಾ ಅಂತ ಕೇಳುವ ಆ ಕಲಂಗಳು ಈಗಿಲ್ಲ.

ಈಗ ತೋಟ ಕೊಳ್ಳುವವರಿಗೆ ಜೊತೆಗಿರುವ ಸೊಪ್ಪಿನಬೆಟ್ಟವನ್ನೂ ತೋರಿಸುತ್ತಾರೆ. ಆ ಬೆಟ್ಟದಲ್ಲಿ ತೋಟದವರಿಗಿರುವುದು ಸೊಪ್ಪು, ಸೌದೆಯ ಹಕ್ಕು ಅಷ್ಟೇ, ಒಡೆತನ ಸರ್ಕಾರದ್ದು. ಅಲ್ಲಿ ಮನೆ ಕಟ್ಟುವಂತಿಲ್ಲ.