ಹಡಗಿನ ಮ್ಯಾಲೆ ಲೇಸರ್ ಕೂಡಸೂದು ಇಷ್ಟು ತಡಾ ಯಾಕಾತು?

2025ರ ಏಪ್ರಿಲ್‌ದಾಗ ನಮ್ಮ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವ್ರು ಕರ್ನೂಲದಾಗ 30 ಕಿಲೋವ್ಯಾಟ್ ಲೇಸರ್‌ಲೆ ಡ್ರೋನ್ ಕೆಡವಿ ತೋರ್ಸಿದ್ರಲ್ಲ, ಆವಾಗಿಂದ ಇಲ್ಲೆ ಬೆಳಗಾವ್ಯಾಗ ಡಿಫೆನ್ಸ್ ಸುದ್ದಿ ಹಿಂದ ಬಿದ್ದ ಹುಡುಗ್ರು ಒಂದ ಮಾತು ಕೇಳ್ತಾರ, ಇದನ್ನ ನೇವಿ ಹಡಗಿಗೆ ಯಾಕ ಹಾಕಂಗಿಲ್ಲರಿ ಅಂತ. ಕೇಳೂದು ಬರೋಬ್ಬರಿ ಐತಿ. ಆದ್ರ ಉತ್ತರ ಬೇಕಂದ್ರ ಲೇಸರ್‌ಕ್ಕಿಂತ ಮೊದ್ಲ ಹಡಗು ನೋಡಬೇಕು, ಸಮುದ್ರದ ಗಾಳಿ ನೋಡಬೇಕು.

ಮೊದಲ ಲೇಸರ್ ಬೆಳಗಿದ್ದು 1960ರಾಗ. ಅಮೆರಿಕದ ನೇವಿ 1980ರಷ್ಟೊತ್ತಿಗೆ ಮಿರಾಕಲ್ ಅನ್ನೂ ಮೆಗಾವ್ಯಾಟ್ ಲೆವೆಲ್ಲಿನ ಕೆಮಿಕಲ್ ಲೇಸರ್ ನಡಿಸಿ ತೋರ್ಸಿತ್ತು. 1989ರಾಗ ಅಮೆರಿಕದ ವೈಟ್ ಸ್ಯಾಂಡ್ಸ್ ಮರುಭೂಮ್ಯಾಗ ಅದು ಶಬ್ದಕ್ಕಿಂತ ಜೋರ ಹಾರೂ ವ್ಯಾಂಡಲ್ ಮಿಸೈಲನ್ನೂ ಕೆಡವಿತು. ಅಂದ್ರ ಪವರ್ ಸಾಲದ್ದಕ್ಕ ನಿಂತಿಲ್ಲ ನೋಡ್ರಿ. ಎಥಿಲೀನ್, ನೈಟ್ರೋಜನ್ ಟ್ರೈಫ್ಲೋರೈಡ್ ಸುಟ್ಟು, ಮ್ಯಾಲೆ ಡ್ಯೂಟೀರಿಯಂ ಬಿಟ್ಟು ಬೆಳಕು ತೆಗಿಯೂ ಯಂತ್ರ ಅದು, ಇಂಥಾ ವಿಷದ ಗ್ಯಾಸ್ ಜನಾ ಇರೂ ಹಡಗಿನಾಗ ಇಡೂದ ಕಷ್ಟ, ಅದಕ್ಕಿಂತ ದೊಡ್ಡ ಕಷ್ಟ ಗಾಳಿದು.

ಲೇಸರ್ ಕಿರಣ ಹೋಗೂ ದಾರ್ಯಾಗಿನ ಗಾಳಿ ಕಿರಣದ ಶಾಖ ಕುಡದು ತಾನೂ ಬಿಸಿ ಆಗತೈತಿ, ಬಿಸಿಯಾದ ಗಾಳಿ ಕಿರಣಾನ ಅಗಲ ಮಾಡಿ ಚದರಸ್ತೈತಿ. ಬ್ಯಾಸಿಗ್ಯಾಗ ಬಾಗಲಕೋಟಿ ರೋಡಿನ ಮ್ಯಾಲೆ ದೂರದ ಲಾರಿ ನಡಗಿದಂಗ ಕಾಣತೈತಲ್ಲ, ಅಂಥಾದ್ದನ್ನ ಇಲ್ಲೆ ಕಿರಣ ತನ್ನ ದಾರ್ಯಾಗ ತಾನ ಹುಟ್ಟಸ್ಕೋತೈತಿ. ಅಡ್ಡ ಗಾಳಿ ಬೀಸಿದ್ರ ಬಿಸಿ ಗಾಳಿ ಸರದು ಹೋಗತೈತಿ, ಖರೆ, ಆದ್ರ ಮಿಸೈಲ್ ನೆಟ್ಟಗ ಹಡಗಿನ ಮ್ಯಾಲೇ ಬರಾಕತ್ತಿದ್ರ ಕಿರಣ ಅಲ್ಲಾಡದ ಅದ ಗಾಳ್ಯಾಗ ನಿಂತಿರತೈತಿ, ಪವರ್ ಏರಿಸಿದಷ್ಟೂ ಚದರೂದು ಜಾಸ್ತಿ. ಸಮುದ್ರದಾಗ ತೇವ, ಉಪ್ಪಿನ ಕಣ ಬ್ಯಾರೆ. ಇದಕ್ಕ ಜೋರ ಓಡೂ ಎಲೆಕ್ಟ್ರಾನಿನಿಂದ ಬೆಳಕು ತೆಗಿಯೂ ಫ್ರೀ ಎಲೆಕ್ಟ್ರಾನ್ ಲೇಸರ್ ನೋಡಿದ್ರು, ತೇವದ ಗಾಳ್ಯಾಗ ಪಾರಾಗೂ ವೇವ್‌ಲೆಂಗ್ತ್ (ಬೆಳಕಿನ ಅಲೆ ಉದ್ದ) ಆರಿಸ್ಕೋಬಹುದಂತ, ಆದ್ರ ಅದಕ್ಕ ಹಡಗಿನಾಗ ಎಲೆಕ್ಟ್ರಾನ್ ಓಡಸೂ ಒಂದು ಪಾರ್ಟಿಕಲ್ ಆಕ್ಸಿಲರೇಟರ್ರನ್ನ ಕೂಡಿಸಬೇಕು, ಅದೂ ಹಿಂದ ಬಿತ್ತು.

ದಾರಿ ತೆರದದ್ದು ಕಾರ್ಖಾನಿ ಕಡಿಂದ. ನಮ್ಮ ಉದ್ಯಮಬಾಗದ ಕಡೆ ಶೀಟ್ ಕಟಿಂಗ್ ಮಾಡೂ ಫೈಬರ್ ಲೇಸರ್ (ಗಾಜಿನ ಎಳ್ಯಾಗ ಕರೆಂಟಿಲೆ ಬೆಳಕು ಹುಟ್ಟಸೂದು) ನೋಡಿದವ್ರಿಗೆ ಅರ್ಧಾ ವಿಷಯ ಗೊತ್ತ ಇರತೈತಿ. ಮಷಿನ್ ಬಾಜೂಕ ಅದನ್ನ ತಂಪ ಇಡೂ ಚಿಲ್ಲರ್ ನಿಂತಿರತೈತಿ, ಅದು ಅಲಾರಂ ಹೊಡೀತಂದ್ರ ಕೆಲಸಾ ಬಂದ್. ಕಟಿಂಗ್ ಹೆಡ್ಡಿನ ಪ್ರೊಟೆಕ್ಟಿವ್ ಗ್ಲಾಸ್ ಮ್ಯಾಲೆ ಚೂರು ಧೂಳು ಕೂತ್ರ ಆ ಜಾಗಾ ಸುಟ್ಟು ಗ್ಲಾಸ್ ಹೋಗಿಬಿಡತೈತಿ. 2014ರಾಗ ಪರ್ಷಿಯನ್ ಕೊಲ್ಲ್ಯಾಗ ಅಮೆರಿಕ ನೇವಿಯ ಯುಎಸ್‌ಎಸ್ ಪಾನ್ಸ್ ಹಡಗಿನ ಮ್ಯಾಲೆ ಕೂಡಿಸಿದ್ದ ಲಾಸ್ (LaWS) ಅನ್ನೂ ಲೇಸರ್ ಆಯುಧ ಅಂದ್ರ ಇಂಥಾವ ಆರು ವೆಲ್ಡಿಂಗ್ ಲೇಸರ್, ಆರೂ ಕಿರಣ ಒಂದ ಗುರಿಗೆ ಬಿಡೂದು, ಒಟ್ಟು ಸುಮಾರು 30 ಕಿಲೋವ್ಯಾಟ್. ಕರೆಂಟಿಗೆ ಅದರದ ಬ್ಯಾರೆ ಜನರೇಟರ್ ಇತ್ತು. ಆದ್ರ ಕಾರ್ಖಾನ್ಯಾಗ ಶೀಟ್ ಇರೂದು ನೋಝಲ್ಲಿಂದ ಮಿಲಿಮೀಟರ್ ಲೆಕ್ಕದಾಗ, ಹಡಗಿನ ಮ್ಯಾಲೆ ಗುರಿ ಕಿಲೋಮೀಟರ್ ದೂರ, ಹಡಗೂ ಅಲ್ಲಾಡತಿರತೈತಿ.

ಆಮ್ಯಾಲೆ ಕೆಲಸಾ ಚುರುಕಾತು. 2020ರ ಮೇದಾಗ ಯುಎಸ್‌ಎಸ್ ಪೋರ್ಟ್‌ಲ್ಯಾಂಡ್ ಹಡಗು ಲೇಸರ್‌ಲೆ ಡ್ರೋನ್ ಕೆಡವಿತು, ಯುಎಸ್‌ಎಸ್ ಪ್ರೆಬಲ್ ಮ್ಯಾಲೆ 60 ಕಿಲೋವ್ಯಾಟಿನ ಹೀಲಿಯೋಸ್ ಲೇಸರ್ ಬಂತು, ಬ್ರಿಟನ್‌ದವ್ರು 2024ರ ಜನವರ್ಯಾಗ ತಮ್ಮ ಡ್ರ್ಯಾಗನ್‌ಫೈರ್ ಲೇಸರ್ ತೋರ್ಸಿ ಒಂದ ಸಲಾ ಹೊಡಿಯಾಕ 10 ಪೌಂಡೂ ಬೀಳಂಗಿಲ್ಲ ಅಂದ್ರು. ಕೆಂಪು ಸಮುದ್ರದಾಗ ಯೆಮೆನ್‌ದ ಹೌತಿ ಬಂಡುಕೋರರ ಡ್ರೋನಿಗೆ ಸುಮಾರು 20 ಲಕ್ಷ ಡಾಲರ್ ಮಿಸೈಲ್ ಬಿಡೂ ಪರಿಸ್ಥಿತಿ ಬಂದಾಗ ಈ ಲೆಕ್ಕಾ ಎಲ್ಲಾರ ಕಣ್ಣಿಗೂ ಬಿತ್ತು. ಆದ್ರ ಆ 10 ಪೌಂಡಿನಾಗ ಯಂತ್ರದ ರೊಕ್ಕಾ ಹಿಡಿದಿಲ್ಲ, ಪಾನ್ಸ್ ಮ್ಯಾಲಿಂದಕ್ಕ ಸುಮಾರು 4 ಕೋಟಿ ಡಾಲರ್ ಹೋಗಿತ್ತು.

ನನ್ನ ಪ್ರಕಾರ ಡ್ರೋನ್, ಸಣ್ಣ ಬೋಟಿಗೆ ಇದು ಇವತ್ತ ಆಗೂ ಮಾತು, ಜೋರ ಬರೂ ಮಿಸೈಲಿಗೆ ಇನ್ನೂ ಅಲ್ಲ. ಒಂದ ಗುರಿ ಮ್ಯಾಲೆ ಸೆಕೆಂಡುಗಟ್ಲೆ ಕಿರಣ ಹಿಡಿಬೇಕು, ಮಳಿ ಮಂಜಿನಾಗ ಅದು ಸೋಲತೈತಿ, ಕಾರವಾರದ ಕಡೆ ಜೂನ್ ಜುಲೈ ಮಳಿ ನೋಡಿದವ್ರಿಗೆ ಬಿಡಿಸಿ ಹೇಳೂದು ಬ್ಯಾಡ. ಇನ್ನ ಕರೆಂಟ್. 100 ಕಿಲೋವ್ಯಾಟ್ ಬೆಳಕು ಬೇಕಂದ್ರ ಹತ್ರಹತ್ರ 300 ಕಿಲೋವ್ಯಾಟ್ ಕರೆಂಟ್ ಕೊಡಬೇಕು, ಉಳದ 200 ಶಾಖ ಆಗಿ ಹಡಗಿನೊಳಗ ಉಳೀತೈತಿ, ಅದನ್ನ ನೀರಿಲೆ ಹೊರಗ ಹಾಕಬೇಕು, ರಾಡಾರೂ ಅದ ಕರೆಂಟು ಅದ ತಣ್ಣೀರು ಕೇಳತಿರತೈತಿ. ಅದಕ್ಕ ಮುಂದಿನ ಹಡಗಿನ ಡ್ರಾಯಿಂಗ್ ಹಾಕೂವಾಗನ ದೊಡ್ಡ ಜನರೇಟರಿಗೆ, ಚಿಲ್ಲರಿಗೆ ಜಾಗಾ ಬಿಡಬೇಕು, ಯಾಕಂದ್ರ ಒಮ್ಮೆ ನೀರಿಗಿಳದ ಹಡಗು ಮೂವತ್ತು ವರ್ಷರೆ ನಡೀತೈತಿ, ನಡುವ ಅದರ ಹೊಟ್ಟಿ ಕತ್ತರಿಸಿ ಇವನ್ನೆಲ್ಲಾ ತುರಕೂದು ಬಾಳ ತ್ರಾಸಿನ ಕೆಲಸಾ.