ಮಗ ವಾಪಸ್ ಬರ್ಲಿ, ಯುದ್ಧದ ಮಾತು ಬೇರೆ: ಅಮೆರಿಕದ ಸೈನಿಕರ ಮನೆಗಳ ಹಳೇ ಇಕ್ಕಟ್ಟು

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಒಹಾಯೋದ ರಾಬರ್ಟ್ ಕ್ವೈಸರ್ ಅನ್ನೋ ಕ್ಯಾಪ್ಟನ್ ಕಿಟಕಿಗೆ ತೂಗುಹಾಕೋಕೆ ಅಂತ ಒಂದು ಚಿಕ್ಕ ಬಾವುಟ ಮಾಡಿದ. ಅವನ ಇಬ್ರು ಗಂಡುಮಕ್ಕಳೂ ಸೈನ್ಯದಲ್ಲಿದ್ರು. ಕೆಂಪು ಅಂಚು, ಮಧ್ಯೆ ಬಿಳಿ, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೀಲಿ ನಕ್ಷತ್ರ, ಹೋದವನು ಸತ್ತುಹೋದ್ರೆ ನೀಲಿ ಮೇಲೆ ಬಂಗಾರದ ಬಣ್ಣದ ನಕ್ಷತ್ರ ಹೊಲಿಯೋದು. ಆ ಬಟ್ಟೆ ಯುದ್ಧ ಸರಿ ಅಂತಾನೂ ಹೇಳಲ್ಲ, ತಪ್ಪು ಅಂತಾನೂ ಹೇಳಲ್ಲ, ನಮ್ಮನೆಯವನೊಬ್ಬ ಅಲ್ಲಿದಾನೆ ಅಂತ ಅಷ್ಟೇ ಹೇಳುತ್ತೆ. ಸೈನಿಕರ ಪರ ಇರೋದು ಅಂದ್ರೆ ಯುದ್ಧದ ಪರ ಇರೋದಾ ಅನ್ನೋ ಆಮೇಲಿನ ನೂರು ವರ್ಷದ ಜಗಳ ನೋಡಿದ್ರೆ ಆ ಬಟ್ಟೆನೇ ಎಲ್ಲರಿಗಿಂತ ಪ್ರಾಮಾಣಿಕ ಅನ್ಸುತ್ತೆ ನಂಗೆ.

ವಿಯೆಟ್ನಾಂ ಕಾಲದಲ್ಲಿ ಕಡ್ಡಾಯ ಸೇನಾ ಭರ್ತಿ ಇತ್ತು, ಹಾಗಾಗಿ ಯುದ್ಧದ ಮೇಲೆ ನಂಬಿಕೆನೇ ಇಲ್ಲದ ಎಷ್ಟೋ ಮನೆಗಳಿಂದಾನೂ ಹುಡುಗರು ಹೋದ್ರು, ಅಪ್ಪ ಅಮ್ಮ ಕಾಗದ ಬರೀತಾ ಕೂತ್ರು. 1971ರ ಏಪ್ರಿಲ್‌ನಲ್ಲಿ ಮಕ್ಕಳನ್ನ ಕಳ್ಕೊಂಡ ತಾಯಂದಿರು ಮುಂದೆ, ಯುದ್ಧ ಬೇಡ ಅನ್ನೋ ಮಾಜಿ ಸೈನಿಕರು ಹಿಂದೆ, ಎಲ್ಲರೂ ಒಟ್ಟಿಗೆ ಹೂವಿನ ಹಾರ ಹಿಡ್ಕೊಂಡು ಸೈನಿಕರನ್ನ ಹೂಳೋ ಆರ್ಲಿಂಗ್ಟನ್ ಸ್ಮಶಾನಕ್ಕೆ ನಡ್ಕೊಂಡು ಹೋದ್ರೆ ಗೇಟ್ ಹಾಕಿಬಿಟ್ಟಿದ್ರು! ಹಾರಾನ ಗೇಟಿನ ಹೊರಗೇ ಇಟ್ಟು ಬಂದ್ರು. ಮಾರನೇ ದಿನ ಒಳಗೆ ಬಿಟ್ರು ಅನ್ನಿ. ಆದ್ರೆ ಮಗನನ್ನ ಕೊಟ್ಟ ತಾಯಿ ಕೂಡ ಯುದ್ಧನ ಪ್ರಶ್ನೆ ಮಾಡಿದ ಕೂಡ್ಲೇ ಹೊರಗಿನವಳು ಆಗ್ತಾಳೆ ಅನ್ನೋದು ಅವತ್ತು ಗೊತ್ತಾಯ್ತು.

ಸೈನಿಕರು ವಾಪಸ್ ಬರ್ಲಿ ಅಂತ ಅಮೆರಿಕದಲ್ಲಿ ಕಟ್ಟೋ ಹಳದಿ ರಿಬ್ಬನ್ ಕತೆ ಇನ್ನೂ ವಿಚಿತ್ರ. ಅದು ಶುರುವಾಗಿದ್ದು ಯುದ್ಧದಿಂದ ಅಲ್ಲವೇ ಅಲ್ಲ. 1979ರಲ್ಲಿ ಟೆಹರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಒತ್ತೆಯಾಳಾದಾಗ ಅವರಲ್ಲೊಬ್ಬರಾದ ಬ್ರೂಸ್ ಲೈಂಗೆನ್ ಅವರ ಹೆಂಡತಿ ಪೆನಿ ಲೈಂಗೆನ್ ಮನೆ ಮುಂದಿನ ಓಕ್ ಮರಕ್ಕೆ ಒಂದು ಹಳದಿ ರಿಬ್ಬನ್ ಕಟ್ಟಿದ್ರು. ಗಂಡ ಬರೋವರೆಗೂ ಕಾಯ್ತೀನಿ ಅಂತ ಅದರ ಅರ್ಥ, 444 ದಿನ ಕಾದ್ರು. ಅದೇ ರಿಬ್ಬನ್ 1991ರ ಕೊಲ್ಲಿ ಯುದ್ಧದಲ್ಲಿ ಊರೂರಲ್ಲೂ ಕಟ್ಕೊಂಡು, ಸೈನಿಕರ ಪರ ಅಂದ್ರೆ ಯುದ್ಧದ ಪರ ಅನ್ನೋ ಹಾಗಾಯ್ತು. 2003ರಲ್ಲಿ ಇರಾಕ್ ಮೇಲೆ ದಾಳಿ ಆಗೋ ಹೊತ್ತಿಗೆ ಅದು ಕಾರಿನ ಹಿಂದೆ ಅಂಟಿಸೋ ಮ್ಯಾಗ್ನೆಟ್. ಕಡ್ಡಾಯ ಭರ್ತಿ 1973ರಲ್ಲೇ ನಿಂತಿತ್ತು, ಸೈನ್ಯದಲ್ಲಿ ಇದ್ದೋರು ದೇಶದ ಜನಸಂಖ್ಯೆಯಲ್ಲಿ ಶೇ 1ಕ್ಕಿಂತ ಕಡಿಮೆ, ಅಂದ್ರೆ ಮ್ಯಾಗ್ನೆಟ್ ಅಂಟಿಸಿದ ಬಹಳಷ್ಟು ಜನರ ಮನೆಯಿಂದ ಯಾರೂ ಹೋಗಿರ್ಲಿಲ್ಲ.

ಹೋಗಿದ್ದ ಮನೆಗಳಲ್ಲಿ ನಡೀತಿದ್ದಿದ್ದೇ ಬೇರೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಡಬ್ಬಿ ಪ್ಯಾಕ್ ಮಾಡೋದು, ಸಾಕ್ಸ್, ಒದ್ದೆ ಟಿಶ್ಯೂ, ಕಾಲಿಗೆ ಹಾಕೋ ಪೌಡರ್, ಬ್ಯಾಟರಿ. ಅಲ್ಲಿಂದ ಮಗನ ಫೋನ್ ಬಂದ್ರೆ ಯುದ್ಧದ ಬಗ್ಗೆ ತುಟಿ ಬಿಚ್ಚಲ್ಲ, ಯಾಕಂದ್ರೆ ಅವನ ಗಮನ ಆ ಕಡೆ ಈ ಕಡೆ ಆದ್ರೆ ಜೀವಕ್ಕೇ ಬರುತ್ತೆ ಅನ್ನೋ ಭಯ, ಫೋನ್ ಇಟ್ಟಮೇಲೆ ಟಿವಿ ಮುಂದೆ ಕೂತು ಇದೆಲ್ಲ ಯಾವ ಪುರುಷಾರ್ಥಕ್ಕೆ ಅಂತ ಬೈಕೊಳ್ಳೋದು. ಆಮೇಲೆ ಡಬ್ಬಿಯಲ್ಲಿ ಏನು ಹೋಗ್ತಿತ್ತೋ ಅದೇ ಬದಲಾಯ್ತು. ಗುಂಡು ತಡೆಯೋ ಜಾಕೆಟ್ ಒಳಗೆ ಹಾಕೋ ಸೆರಾಮಿಕ್ ಪ್ಲೇಟ್ 2003ರಲ್ಲಿ ಎಲ್ಲರಿಗೂ ಸಾಕಾಗ್ತಿರ್ಲಿಲ್ಲ, ಮನೆಯವರೇ ಸ್ವಂತ ದುಡ್ಡಲ್ಲಿ ಕೊಂಡು ಕಳಿಸೋಕೆ ಶುರು ಮಾಡಿದ್ರು. ಕೊನೆಗೆ 2004ರಲ್ಲಿ ಸಂಸತ್ತು ಆ ದುಡ್ಡು ವಾಪಸ್ ಕೊಡೋಕೆ ಕಾನೂನೇ ಮಾಡಬೇಕಾಯ್ತು, ಒಂದು ವಸ್ತುವಿಗೆ 1,100 ಡಾಲರ್‌ವರೆಗೆ.

ನನ್ನ ಪ್ರಕಾರ ಎಷ್ಟೋ ಮನೆಗಳಲ್ಲಿ ಅನುಮಾನ ಗಟ್ಟಿಯಾಗಿದ್ದು ಇಲ್ಲೇ. ಮಗನಿಗೆ ಪ್ಲೇಟ್ ಕೊಳ್ಳೋ ತಾಯಿಗೆ ಈ ಯುದ್ಧಕ್ಕೆ ತಯಾರಿ ಮಾಡಿದ್ದು ಯಾರು, ಎಷ್ಟು ಯೋಚ್ನೆ ಮಾಡಿದ್ರು ಅನ್ನೋ ಪ್ರಶ್ನೆ ಬರದೆ ಇರುತ್ತಾ? 2004ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಥಾಮಸ್ ವಿಲ್ಸನ್ ಅನ್ನೋ ಸೈನಿಕ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್‌ಗೆ ನೇರವಾಗಿ, ನಮ್ಮ ಗಾಡಿಗೆ ಕವಚ ಮಾಡ್ಕೊಳ್ಳೋಕೆ ನಾವು ಯಾಕೆ ಕಸದ ರಾಶಿಯಲ್ಲಿ ಗುಜರಿ ಕಬ್ಬಿಣ ಹುಡುಕಬೇಕು ಅಂತ ಕೇಳಿದಾಗ ಜೊತೆಗಿದ್ದ ಸೈನಿಕರು ಚಪ್ಪಾಳೆ ಹೊಡೆದ್ರು. ಪ್ರಶ್ನೆ ಹಿಂದೆ ಒಬ್ಬ ಪತ್ರಕರ್ತ ಇದ್ದ ಅಂತ ಆಮೇಲೆ ಗಲಾಟೆ ಆಯ್ತು, ಇದ್ದ ನಿಜ, ಆದ್ರೆ ಚಪ್ಪಾಳೆ ಅವನು ಹೊಡೆಸಿದ್ದಲ್ಲ.

ಅಷ್ಟೊತ್ತಿಗೆ ಇಂಥ ಮನೆಯವರು ಒಬ್ಬರನ್ನೊಬ್ಬರು ಹುಡುಕ್ಕೊಂಡಿದ್ರು. ನ್ಯಾನ್ಸಿ ಲೆಸಿನ್, ಚಾರ್ಲಿ ರಿಚರ್ಡ್‌ಸನ್ ದಂಪತಿಯ ಹುಡುಗ ಮರೀನ್ ಪಡೆಯಲ್ಲಿದ್ದ, ಇರಾಕ್ ಯುದ್ಧ ಶುರುವಾಗೋಕೂ ಮುಂಚೆ 2002ರಲ್ಲೇ ಅವರು ಇನ್ನೊಂದು ಕುಟುಂಬದ ಜೊತೆ ಸೇರಿ ಮಿಲಿಟರಿ ಫ್ಯಾಮಿಲೀಸ್ ಸ್ಪೀಕ್ ಔಟ್ ಅನ್ನೋ ಸಂಘ ಕಟ್ಟಿದ್ರು. 2005ರ ಆಗಸ್ಟ್‌ನಲ್ಲಿ ಸಿಂಡಿ ಶೀಹಾನ್ ಟೆಕ್ಸಾಸ್‌ನ ಕ್ರಾಫರ್ಡ್‌ಗೆ ಹೋಗಿ ಅಧ್ಯಕ್ಷ ಬುಷ್ ಅವರ ರ‍್ಯಾಂಚ್ ಹತ್ರ ರಸ್ತೆ ಪಕ್ಕ ಟೆಂಟ್ ಹಾಕಿದ್ರು. ಅವರ ಮಗ ಕೇಸಿ 24ನೇ ವಯಸ್ಸಿಗೆ ಬಾಗ್ದಾದ್‌ನ ಸದರ್ ಸಿಟಿಯಲ್ಲಿ ಸತ್ತಿದ್ದ, ಯಾವ ಉದ್ದೇಶಕ್ಕೆ ಸತ್ತ ಅಂತ ಕೇಳೋಕೆ ಬಂದಿದ್ರು. ಅಲ್ಲಿ ಸತ್ತ ಸೈನಿಕರ ಹೆಸರಲ್ಲಿ ಸಾಲಾಗಿ ಶಿಲುಬೆ ನೆಟ್ಟಿದ್ರು, ಒಬ್ಬ ತಂದೆ ಬಂದು ನನ್ನ ಮಗನ ಹೆಸರು ಇಲ್ಲಿ ಬೇಡ ಅಂತ ಆ ಶಿಲುಬೆ ಕಿತ್ಕೊಂಡು ಹೋದ. ಇಬ್ಬರದ್ದೂ ಅದೇ ನಷ್ಟ, ಆದ್ರೆ ಅವನಿಗೆ ಯುದ್ಧ ತಪ್ಪು ಅಂದ್ರೆ ಮಗ ಸುಮ್ನೆ ಸತ್ತ ಅಂದಂಗೆ, ಅವಳಿಗೆ ಸುಳ್ಳನ್ನ ನಂಬ್ಕೊಂಡು ಬದುಕೋದೇ ಮಗನಿಗೆ ದ್ರೋಹ. ಇದರಲ್ಲಿ ಯಾರನ್ನ ತಪ್ಪು ಅಂತೀರಿ?

ಅನುಮಾನ ಇರ್ಲಿ ಬಿಡ್ಲಿ, ಕಾಯೋದು ಮಾತ್ರ ಯಾರಿಗೂ ತಪ್ಪಲಿಲ್ಲ. 2007ರ ಏಪ್ರಿಲ್‌ನಲ್ಲಿ ಭೂಸೇನೆಯವರು ಯುದ್ಧದ ಜಾಗದಲ್ಲಿ ಇರಬೇಕಾದ ಸರದಿಯನ್ನ 12 ತಿಂಗಳಿಂದ 15ಕ್ಕೆ ಏರಿಸಿದಾಗ ಆಗ್ಲೇ ಇರಾಕ್‌ನಲ್ಲಿದ್ದೋರಿಗೂ ಅದು ಅನ್ವಯ ಆಯ್ತು, ಕ್ಯಾಲೆಂಡರ್‌ನಲ್ಲಿ ಒಂದೊಂದೇ ದಿನ ಹೊಡೆದು ಹಾಕ್ತಿದ್ದ ಮನೆಯವರು ಇನ್ನೂ ಮೂರು ತಿಂಗಳು ಸೇರಿಸ್ಕೊಳ್ಳಬೇಕಾಯ್ತು.

ಡೆಲವೇರ್‌ನ ಡೋವರ್ ವಾಯುನೆಲೆಗೆ ಬರೋ, ಯುದ್ಧದಲ್ಲಿ ಸತ್ತವರ ಶವಪೆಟ್ಟಿಗೆಗಳ ಫೋಟೋ ತೆಗೆಯೋ ಹಾಗಿಲ್ಲ ಅಂತ 1991ರಿಂದಾನೇ ಆದೇಶ ಇತ್ತು, ಕುಟುಂಬದ ಖಾಸಗಿತನ ಕಾಪಾಡೋಕೆ ಅಂತ ಕಾರಣ ಕೊಡ್ತಿದ್ರು, ಕುಟುಂಬದವರನ್ನ ಮಾತ್ರ ಕೇಳ್ತಿರ್ಲಿಲ್ಲ. 2009ರಲ್ಲಿ ಅದು ಬದಲಾಯ್ತು. ಈಗ ಪೆಟ್ಟಿಗೆ ಇಳಿಯೋವಾಗ ಕ್ಯಾಮೆರಾ ಇರಬೇಕೋ ಬೇಡವೋ ಅಂತ ಮನೆಯವರನ್ನ ಕೇಳ್ತಾರೆ.