ದಯವಿಟ್ಟು ಎಲ್ಲರನ್ನೂ ‘ಅನಾಮಿಕ’ ಮಾಡಬೇಡಿ

ಸಂಶೋಧನಾ ಪ್ರಬಂಧ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಕೊನೆಯ ಪುಟಗಳಲ್ಲಿರುವ ಆಕರಗಳ ಪಟ್ಟಿಯನ್ನು. ಅಲ್ಲಿ ‘ಅನಾಮಿಕ 2011, ಅನಾಮಿಕ 2015, ಅನಾಮಿಕ 2018’ ಅಂತ ಸಾಲಾಗಿ ನಿಂತಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ. ಯಾರಪ್ಪಾ ಈ ಅನಾಮಿಕ, ಇಷ್ಟೊಂದು ಬರೆದಿದ್ದಾನೆ?

ಈ 2011ರದ್ದು ಯಾವುದಪ್ಪಾ ಅಂತ ಒಬ್ಬ ಹುಡುಗನನ್ನು ಕೇಳಿದೆ. ‘ಜನಗಣತಿ, ಸರ್’ ಅಂದ. ಮನೆಮನೆಗೆ ಹೋಗಿ ಇಡೀ ದೇಶದ ತಲೆ ಎಣಿಸಿದವರು ಅನಾಮಿಕರಾ? ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರ ಕಚೇರಿ ಇದೆಯಲ್ಲ, ಎಪಿಎ ಅನ್ನುವ ಆಕರ ಬರೆಯುವ ಶೈಲಿಯಲ್ಲಿ ಲೇಖಕರ ಜಾಗಕ್ಕೆ ಅದೇ ಬರುತ್ತದೆ. ಇನ್ನೊಬ್ಬಳು ವೆಬ್‌ಸೈಟ್ ನೋಡಿ ಲೇಖಕರು ‘ಅಡ್ಮಿನ್’ ಅಂತ ಬರೆದಿದ್ದಳು, ಅದು ವೆಬ್‌ಸೈಟ್ ನೋಡಿಕೊಳ್ಳುವವರ ಖಾತೆಯ ಹೆಸರು ಅಷ್ಟೇ. ಪಾಪ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾಳೆ, ಬೈಯಲು ಮನಸ್ಸು ಬರಲಿಲ್ಲ.

ಸಂಸ್ಥೆಯ ಹೆಸರೂ ಸಿಗದಿದ್ದರೆ ಶೀರ್ಷಿಕೆಯೇ ಲೇಖಕರ ಜಾಗಕ್ಕೆ ಬರುತ್ತದೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೇ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಪತ್ರಿಕೆಯ ಒಂದು ಸಂಪಾದಕೀಯ, ಕೆಳಗೆ ಯಾರ ಹೆಸರೂ ಇಲ್ಲ, ಶೀರ್ಷಿಕೆ ‘ಕೆರೆಗಳ ಹೂಳು ತೆಗೆಯುವವರಾರು’ ಅಂತಿಟ್ಟುಕೊಳ್ಳಿ. ಪ್ರಬಂಧದ ಒಳಗೆ ಅದನ್ನು ಬಳಸಿದ ಕಡೆ (“ಕೆರೆಗಳ ಹೂಳು,” 2018) ಅಂತ ಕೊಡಿ. ಓದುವವರು ನೇರ ಪಟ್ಟಿಯ ‘ಕ’ ಅಕ್ಷರಕ್ಕೆ ಹೋಗುತ್ತಾರೆ, ಅಲ್ಲಿ ಅದೇ ಶೀರ್ಷಿಕೆ ಪೂರ್ತಿಯಾಗಿ ಸಿಗುತ್ತದೆ. ಒಳಗೆ ಕೊಟ್ಟ ಮೊದಲ ಪದವೂ ಪಟ್ಟಿಯ ಮೊದಲ ಪದವೂ ಒಂದೇ ಇರಬೇಕು ಅನ್ನುವುದು ಇದಕ್ಕೇ. ನೀವು ‘ಅನಾಮಿಕ’ ಅಂತ ಹಾಕಿದರೆ ಎಲ್ಲವೂ ‘ಅ’ದಲ್ಲಿ ಗುಂಪಾಗಿ ಬೀಳುತ್ತವೆ, ಯಾವುದು ಯಾವುದೋ ಗೊತ್ತಾಗುವುದಿಲ್ಲ. ಕೃತಿಯ ಮೇಲೇ ‘ಅನಾಮಿಕ’ ಅಂತ ಅಚ್ಚಾಗಿದ್ದರೆ ಮಾತ್ರ ಹಾಗೆ ಬರೆಯಿರಿ.

ಶಾಸನ ಓದುವ ಮಕ್ಕಳದ್ದು ಇನ್ನೊಂದು ಕಥೆ. ಹಲ್ಮಿಡಿ ಶಾಸನಕ್ಕೆ ‘ಅನಾಮಿಕ, ಸು. 450’ ಅಂತ ಕೊಡುತ್ತಾರೆ! ಅಲ್ಲಾ, ನೀವು ಓದಿದ್ದು ಕಲ್ಲನ್ನಾ, ಪುಸ್ತಕವನ್ನಾ? ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಓದಿದ್ದರೆ ಆ ವರದಿಯನ್ನೇ ಹೇಳಿ. ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳಿಂದ ಬೇರೆ ಶಾಸನ ತೆಗೆದುಕೊಂಡಿದ್ದರೆ ಸಂಪುಟ, ತಾಲೂಕು, ಶಾಸನದ ಸಂಖ್ಯೆ ಕೊಡಿ. ಪುಟಸಂಖ್ಯೆ ಒಂದೇ ಕೊಟ್ಟರೆ ಸಾಲದು, ಪರಿಷ್ಕೃತ ಆವೃತ್ತಿಯಲ್ಲಿ ಪುಟ ಬೇರೆಯೇ ಇರುತ್ತದೆ.

ನಾನು ಹೇಳಿದ್ದು ಹೆಚ್ಚಾಗಿ ಎಪಿಎ ಲೆಕ್ಕ. ಎಂಎಲ್‌ಎ ಅನ್ನುವ ಇನ್ನೊಂದು ಶೈಲಿಯಲ್ಲಿ, ಕೃತಿಯನ್ನು ಬರೆದವರೂ ಪ್ರಕಟಿಸಿದವರೂ ಒಂದೇ ಸಂಸ್ಥೆಯಾದರೆ ಶೀರ್ಷಿಕೆಯಿಂದಲೇ ಶುರು ಮಾಡುತ್ತಾರೆ. ನಿಮ್ಮ ವಿಶ್ವವಿದ್ಯಾಲಯದ ಕೈಪಿಡಿ ಬೇರೆ ಏನಾದರೂ ಹೇಳಿದರೆ ನನ್ನ ಮಾತು ಬಿಟ್ಟು ಅದರಂತೆ ಮಾಡಿ. ಸುಮ್ನೆ ಸೀನಿಯರ್ ಪ್ರಬಂಧ ನೋಡಿ ನಕಲು ಮಾಡಬೇಡಿ, ಈ ಅನಾಮಿಕ ಜಾಸ್ತಿ ಹರಡುವುದು ಅಲ್ಲಿಂದಲೇ.